ಜುಲೈನಲ್ಲಿ ಮಂಗೋಲಿಯಾ: ಅಮ್ಮನ ಸೀರೆ, ಮಗನ ಕುದುರೆ, ಉಪ್ಪು ಹಾಕಿದ ಚಹಾ

ಪ್ರಶ್ನೆ: ಜುಲೈ ಎರಡನೇ ವಾರ ನಾವು ನಾಲ್ವರು ಹತ್ತು ದಿನಕ್ಕೆ ಮಂಗೋಲಿಯಾಗೆ ಹೊರಟಿದ್ದೇವೆ. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆಯ ನಾದಾಮ್ ಹಬ್ಬಕ್ಕೆ ಮೂರು ದಿನ ರಾಜಧಾನಿ ಉಲಾನ್‌ಬಾತರ್‌ನಲ್ಲಿ, ಉಳಿದ ದಿನ ಖಾರ್ಖೊರಿನ್ ಮತ್ತು ಓರ್ಖೋನ್ ಕಣಿವೆಯ ಹುಲ್ಲುಗಾವಲಿನಲ್ಲಿ. ಅಮ್ಮನಿಗೆ 64 ವರ್ಷ, ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಎಲ್ಲರೂ ಸಸ್ಯಾಹಾರಿಗಳು. 12 ವರ್ಷದ ಮಗನಿಗೆ ಕುದುರೆ ಹತ್ತಲೇಬೇಕಂತೆ. ಬೇಸಿಗೆ ಅಲ್ವಾ, ಸ್ವೆಟರ್ ಬೇಕಾಗುತ್ತದಾ? ಅಲ್ಲಿ ಮಾಂಸ ಬಿಟ್ಟು ಏನೂ ಸಿಗಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಕುಕ್ಕರ್ ತಗೊಂಡು ಹೋಗೋಣವಾ?

ಉತ್ತರ: ಸ್ವೆಟರ್ ಬೇಕು, ಕುಕ್ಕರ್ ಬೇಡ. ಇನ್ನು ಅಮ್ಮನ ಸೀರೆ ವಿಷಯ ಸ್ವಲ್ಪ ಉದ್ದ ಇದೆ, ನಿಧಾನವಾಗಿ ಹೇಳುತ್ತೇನೆ.

ಮೊದಲು ಅಲ್ಲಿನ ಒಂದು ದಿನ ಹೇಗಿರುತ್ತದೆ ನೋಡಿ. ಓರ್ಖೋನ್ ಕಣಿವೆಯಲ್ಲಿ ಜುಲೈ ತಿಂಗಳ ಒಂದು ದಿನ ನಾನು ಬೆಳಿಗ್ಗೆ ಐದೂವರೆಗೆ ಎದ್ದೆ. ಹುಲ್ಲಿನ ಮೇಲೆ ಇಬ್ಬನಿ, ಬಾಯಿಂದ ಹೊಗೆ, ಕೈಗಡಿಯಾರದಲ್ಲಿದ್ದ ಥರ್ಮಾಮೀಟರ್ 6 ಡಿಗ್ರಿ ತೋರಿಸುತ್ತಿತ್ತು. ಹನ್ನೊಂದು ಗಂಟೆಗೆ ಅಂಗಿ ತೋಳು ಮಡಚಿದೆ. ಎರಡು ಗಂಟೆಗೆ 27 ಡಿಗ್ರಿ, ನೆತ್ತಿ ಸುಡುವ ಬಿಸಿಲು, ನಿಲ್ಲೋಣ ಅಂದರೆ ಕಣ್ಣಿಗೆ ಕಾಣುವಷ್ಟು ದೂರ ಒಂದು ಮರ ಇಲ್ಲ. ನಾಲ್ಕು ಗಂಟೆಗೆ ಪಶ್ಚಿಮದಿಂದ ಕಪ್ಪು ಮೋಡ ಬಂತು. ಇಪ್ಪತ್ತು ನಿಮಿಷ ಆಲಿಕಲ್ಲು ಸುರಿಯಿತು. ಐದು ಗಂಟೆಗೆ ಮತ್ತೆ ಬಿಸಿಲು. ಒಂಬತ್ತು ಗಂಟೆಗೂ ಇನ್ನೂ ಬೆಳಕಿತ್ತು, ಆದರೆ ಆಗಲೇ ಕೈ ಜೇಬಿಗೆ ಹೋಗಿತ್ತು. ಇದೇನೂ ವಿಶೇಷ ದಿನ ಅಲ್ಲ. ಅಲ್ಲಿನ ಬೇಸಿಗೆ ಅಂದರೆ ಇದೇ.

ಕಾರಣ ಸರಳ. ಉಲಾನ್‌ಬಾತರ್ ಇರುವುದೇ ಸುಮಾರು 1,350 ಮೀಟರ್ ಎತ್ತರದಲ್ಲಿ. ಖಾರ್ಖೊರಿನ್ ಅದಕ್ಕಿಂತ ಸ್ವಲ್ಪ ಮೇಲೆ. ಸಮುದ್ರ ತುಂಬಾ ದೂರ, ಗಾಳಿ ಒಣ. ಒಣ ಗಾಳಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಬೀಳುವುದೂ ಇದೇ ಬೇಸಿಗೆಯಲ್ಲಿ. ನಮ್ಮ ಮಳೆಗಾಲದ ಹಾಗೆ ಜಿಟಿಜಿಟಿ ಹಿಡಿದು ಕೂರುವುದಿಲ್ಲ, ಬಂದು ಹೊಡೆದು ಹೋಗುತ್ತದೆ.

ಜನ ಚಳಿಗೆ ಹೆದರಿ ದಪ್ಪ ಜಾಕೆಟ್ ಒಂದನ್ನು ತುರುಕಿಕೊಂಡು ಬರುತ್ತಾರೆ. ಅದು ತಪ್ಪು ಲೆಕ್ಕ. ಜುಲೈನಲ್ಲಿ ಕಾಡುವುದು ಚಳಿಗಿಂತ ಗಾಳಿ. ಹತ್ತು ಡಿಗ್ರಿ ಚಳಿ ಅಂದರೆ ನಮಗೆ ಕೊಡಗಿನ ಡಿಸೆಂಬರ್ ಬೆಳಗು, ತಡೆದುಕೊಳ್ಳಬಹುದು. ಅದೇ ಹತ್ತು ಡಿಗ್ರಿಗೆ ತಡೆಯೇ ಇಲ್ಲದ ಗಾಳಿ ಸೇರಿದರೆ ಉಣ್ಣೆ ಸ್ವೆಟರ್ ಜರಡಿ ಥರ ಆಗುತ್ತದೆ. ಅದಕ್ಕೇ ಅಲ್ಲಿನವರ ದೇಲ್ ನೋಡಿ. ಮೊಣಕಾಲಿನ ಕೆಳಗಿನ ತನಕ ಬರುವ ನಿಲುವಂಗಿ, ಬಲಗಡೆ ಗುಂಡಿ, ಸೊಂಟಕ್ಕೆ ಉದ್ದದ ಬಟ್ಟೆಯ ಬಿಗಿ ಸುತ್ತು. ಬೇಸಿಗೆಯಲ್ಲಿ ಹಾಕುವ ತೆಳು ದೇಲ್‌ಗೆ ತೆರ್ಲೆಗ್ ಅನ್ನುತ್ತಾರೆ. ಕುತ್ತಿಗೆಯಿಂದ ಮೀನಖಂಡದ ತನಕ ಗಾಳಿ ತಡೆಯುವ ಒಂದೇ ಬಟ್ಟೆ. ಸೆಕೆಯಾದರೆ ಒಂದು ತೋಳು ಕಳಚಿ ಹಿಂದಕ್ಕೆ ಬಿಡುತ್ತಾರೆ. ಚಳಿಯಾದರೆ ಉದ್ದ ತೋಳನ್ನು ಬೆರಳಿನ ಮೇಲೆ ಎಳೆದುಕೊಳ್ಳುತ್ತಾರೆ, ಕೈಗವಸಿನ ಕೆಲಸ ಮುಗಿಯಿತು. ಸೊಂಟದ ಸುತ್ತಿನ ಮೇಲೆ ಎದೆ ಹತ್ತಿರ ಸಡಿಲವಾಗಿ ನಿಲ್ಲುವ ಮಡಿಕೆಯೇ ಜೇಬು. ಫೋನು, ಬಟ್ಟಲು, ಒಮ್ಮೊಮ್ಮೆ ಕುರಿಮರಿ ಕೂಡ ಅಲ್ಲೇ. ನಮ್ಮ ಅಜ್ಜಿಯರು ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸುತ್ತಿದ್ದರಲ್ಲ, ಆ ಥರ.

ನೀವೇನೂ ದೇಲ್ ಹೊಲಿಸಬೇಕಿಲ್ಲ, ಅದರ ಬುದ್ಧಿ ತಗೊಂಡರೆ ಸಾಕು. ಮೈಗೆ ಅಂಟುವ ತೆಳು ಥರ್ಮಲ್, ಅದರ ಮೇಲೆ ಉದ್ದ ತೋಳಿನ ಅಂಗಿ, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಎಲ್ಲದರ ಮೇಲೆ ಗಾಳಿ ಮತ್ತು ನೀರು ತಡೆಯುವ ತೆಳು ಜಾಕೆಟ್. ಈ ನಾಲ್ಕನ್ನು ಬೇಕಾದಂತೆ ಹಾಕುತ್ತಾ ತೆಗೆಯುತ್ತಾ ಇರಿ. ದಿನಕ್ಕೆ ಆರು ಸಲ ಬದಲಾಯಿಸುತ್ತೀರಿ, ಆದ್ದರಿಂದ ಜಾಕೆಟ್ ಸದಾ ಕೈಗೆ ಸಿಗುವಂತಿರಲಿ. ವ್ಯಾನಿನ ಮೇಲೆ ಕಟ್ಟಿದ ಸೂಟ್‌ಕೇಸಿನ ತಳದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಜೀನ್ಸ್ ಒಂದು ಸಾಕು. ಒದ್ದೆಯಾದರೆ ಎರಡು ದಿನ ಒಣಗಲ್ಲ. ಟೋಪಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇರಲೇಬೇಕು. ಇಲ್ಲದಿದ್ದರೆ ಮೊದಲ ದಿನವೇ ಟೋಪಿ ನಿಮಗಿಂತ ಮುಂಚೆ ಖಾರ್ಖೊರಿನ್ ಸೇರುತ್ತದೆ. ಕಾಲಿಗೆ ಬೆರಳು ಮುಚ್ಚುವ ಶೂ. ಬೆಳಗಿನ ಹುಲ್ಲು ಗದ್ದೆ ಬದುವಿನಷ್ಟೇ ಒದ್ದೆ. ಜೊತೆಗೆ ಸುಲಭವಾಗಿ ಕಾಲು ತೂರಿಸುವ ಚಪ್ಪಲಿ ಒಂದು ಜೊತೆ. ಯಾಕೆ ಅಂತ ಈಗ ಹೇಳುತ್ತೇನೆ.

ಅಮ್ಮನ ಸೀರೆ. ಉಲಾನ್‌ಬಾತರ್‌ನಲ್ಲಿ ಸೀರೆಗೆ ಏನೂ ತೊಂದರೆ ಇಲ್ಲ. ಜುಲೈ 11ರಂದು ನಾದಾಮ್ ಉದ್ಘಾಟನೆಗೆ ಅಲ್ಲಿನವರೇ ರೇಷ್ಮೆ ದೇಲ್ ಹಾಕಿಕೊಂಡು ಬಂದಿರುತ್ತಾರೆ. ಅಮ್ಮ ಮೈಸೂರು ಸಿಲ್ಕ್ ಉಟ್ಟು ಹೋದರೆ ಫೋಟೋಗೆ ಸಾಲು ನಿಲ್ಲುತ್ತದೆ, ಸಿದ್ಧವಾಗಿರಿ. ಹುಲ್ಲುಗಾವಲಿನಲ್ಲಿ ಮಾತ್ರ ಕಷ್ಟ. ಒಂದು, ಗಾಳಿಗೆ ಸೆರಗು ನಿಲ್ಲುವುದಿಲ್ಲ. ಎರಡು, ಗೆರ್ ಅನ್ನುವ ಗುಂಡಗಿನ ಉಣ್ಣೆ ಡೇರೆಯ ಬಾಗಿಲು ಗಿಡ್ಡ. ಬಗ್ಗಿ ಒಳಗೆ ಹೋಗಬೇಕು, ಹೊಸ್ತಿಲು ತುಳಿಯಬಾರದು. ನಡುವೆ ಕಬ್ಬಿಣದ ಒಲೆ ಉರಿಯುತ್ತಿರುತ್ತದೆ. ನೈಲಾನ್, ಸಿಂಥೆಟಿಕ್ ಸೀರೆ ಅದರ ಹತ್ತಿರ ಬೇಡವೇ ಬೇಡ. ಮೂರು, ಶೌಚಾಲಯ ಗೆರ್‌ನಿಂದ ದೂರ ಇರುತ್ತದೆ, ಹಳ್ಳಿ ಕಡೆ ಬರೀ ಗುಂಡಿ ಮತ್ತು ಎರಡು ಹಲಗೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ನೆರಿಗೆ ಎತ್ತಿಕೊಂಡು ಹೋಗುವುದು 64ರಲ್ಲಿ ಬೇಕಾ? ಆ ಚಪ್ಪಲಿ ಬೇಕಾಗುವುದೂ ಆಗಲೇ.

ನಾನು ಹೇಳುವುದು ಇಷ್ಟು. ಆ ಏಳು ದಿನಕ್ಕೆ ಉದ್ದನೆಯ, ಸಡಿಲವಾದ ಹತ್ತಿ ಕುರ್ತಾ, ಕೆಳಗೆ ಥರ್ಮಲ್ ಲೆಗ್ಗಿಂಗ್ಸ್ ಮತ್ತು ಪೈಜಾಮ, ಮೇಲೆ ಸ್ವೆಟರ್. ಒಪ್ಪಲೇ ಇಲ್ಲ ಅಂದರೆ ಹತ್ತಿ ಸೀರೆ, ಲಂಗದ ಬದಲು ಲೆಗ್ಗಿಂಗ್ಸ್, ಸ್ವಲ್ಪ ಗಿಡ್ಡಕ್ಕೆ ಉಟ್ಟು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜಾಕೆಟ್. ಗದ್ದೆ ಕೆಲಸಕ್ಕೆ ಉಡುವ ಹಾಗೆ. ಉದ್ದ ಕುರ್ತಾಗೆ ಇನ್ನೊಂದು ಉಪಯೋಗವೂ ಇದೆ. ದಾರಿಯಲ್ಲಿ ಗಂಟೆಗಟ್ಟಲೆ ಒಂದು ಪೊದೆಯೂ ಸಿಗಲ್ಲ. ವ್ಯಾನ್ ನಿಲ್ಲಿಸಿದಾಗ ಮರೆಗೆ ಏನಿದೆ, ನಿಮ್ಮ ಬಟ್ಟೆಯೇ. ಇದಕ್ಕೆ ಅಲ್ಲಿನ ಭಾಷೆಯಲ್ಲಿ ‘ಮೋರಿ ಖರಾಖ್’ ಅನ್ನುತ್ತಾರೆ, ಅಂದರೆ ಕುದುರೆ ನೋಡಿ ಬರುವುದು. ಮೋರಿ ಅಂದರೆ ಅಲ್ಲಿ ಕುದುರೆ. ಕನ್ನಡದವರಿಗೆ ಈ ಮಾತು ಮರೆಯಲು ಸಾಧ್ಯವೇ ಇಲ್ಲ ನೋಡಿ.

ಮಲಗುವ ಬಟ್ಟೆ ಬಗ್ಗೆ ಒಂದು ಮಾತು. ಪ್ರವಾಸಿ ಗೆರ್ ಶಿಬಿರದಲ್ಲಿ ರಾತ್ರಿ ಬಂದು ಒಲೆ ಹಚ್ಚಿ ಹೋಗುತ್ತಾರೆ. ಹತ್ತು ಗಂಟೆಗೆ ಒಳಗೆ ಬೆವರು ಇಳಿಯುತ್ತದೆ, ಹೊದಿಕೆ ಒದ್ದು ಮಲಗುತ್ತೀರಿ. ಸೌದೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಮೂರು ಗಂಟೆಗೆ ಹಲ್ಲು ಕಟಕಟ. ಸೆಕೆ ಅನ್ನಿಸಿದರೂ ಉಣ್ಣೆ ಕಾಲುಚೀಲ ಮತ್ತು ಟೋಪಿ ದಿಂಬಿನ ಪಕ್ಕದಲ್ಲೇ ಇರಲಿ. ತಲೆಗೆ ಹಚ್ಚುವ ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗಿ ಕೂರುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಕೊಳ್ಳಿ. ತುಟಿ ಒಡೆಯುತ್ತದೆ, ತುಪ್ಪವೋ ವ್ಯಾಸಲಿನ್ನೋ ಜೇಬಿನಲ್ಲಿರಲಿ.

ಮಗನ ಕುದುರೆ ಸವಾರಿಗೆ ಉದ್ದ ಪ್ಯಾಂಟು, ಹಿಮ್ಮಡಿ ಇರುವ ಶೂ, ಹೆಲ್ಮೆಟ್. ಹೆಲ್ಮೆಟ್ ಅಲ್ಲಿ ಎಲ್ಲರ ಹತ್ತಿರ ಇರಲ್ಲ, ಸೈಕಲ್ ಹೆಲ್ಮೆಟ್ ಆದರೂ ಇಲ್ಲಿಂದ ಒಯ್ಯಿರಿ. ಮಂಗೋಲಿಯಾದ ಕುದುರೆ ಗಿಡ್ಡ, ಗಟ್ಟಿ, ಅರೆ ಕಾಡು. ಎಡಗಡೆಯಿಂದ ಹತ್ತಬೇಕು. ಪಟಪಟ ಅನ್ನುವ ಬಟ್ಟೆಗೆ ಬೆದರುತ್ತದೆ. ಇದು ನನಗೆ ಅನುಭವದ ಪಾಠ. ಮೊದಲ ಸಲ ಹೋದಾಗ ಸಣ್ಣ ಹನಿ ಬಿತ್ತು ಅಂತ ಕುದುರೆ ಮೇಲೆ ಕೂತಲ್ಲೇ ಪ್ಲಾಸ್ಟಿಕ್ ರೇನ್‌ಕೋಟ್ ಬಿಡಿಸಿದೆ. ಗಾಳಿಗೆ ಅದು ಹಾಯಿ ಥರ ಉಬ್ಬಿತು. ಮುಂದಿನ ಮುನ್ನೂರು ಮೀಟರ್ ನಾನು ಸವಾರನಾಗಿರಲಿಲ್ಲ, ಬರೀ ಸಾಮಾನಾಗಿದ್ದೆ. ಹಿಂದೆ ಬಂದ ಕುದುರೆಯವನು ಲಗಾಮು ಹಿಡಿದು ನಿಲ್ಲಿಸಿದ, ರೇನ್‌ಕೋಟ್ ಕಿತ್ತು ತನ್ನ ದೇಲ್ ಮಡಿಕೆಗೆ ತುರುಕಿಕೊಂಡ, ಒಂದು ಮಾತೂ ಆಡಲಿಲ್ಲ. ಆದ್ದರಿಂದ ಮಳೆ ಜಾಕೆಟ್ ಹತ್ತುವ ಮುಂಚೆಯೇ ಹಾಕಿ, ಜಿಪ್ ಮೇಲಿನ ತನಕ ಎಳೆದಿರಲಿ. ಗುಡುಗು ಶುರುವಾದರೆ ಸವಾರಿ ಅಲ್ಲಿಗೇ ನಿಲ್ಲಿಸಿ. ಆ ಬಯಲಿನಲ್ಲಿ ಅತಿ ಎತ್ತರದ ವಸ್ತು ನಿಮ್ಮ ಮಗನ ತಲೆಯೇ ಆಗಿರುತ್ತದೆ.

ಈಗ ಊಟ. ಮಾಂಸ ಬಿಟ್ಟು ಏನೂ ಸಿಗಲ್ಲ ಅನ್ನುವುದು ಚಳಿಗಾಲಕ್ಕೆ ಹೆಚ್ಚುಕಡಿಮೆ ನಿಜ. ಜುಲೈಗೆ ಅಲ್ಲ. ಅಲ್ಲಿನವರು ಊಟವನ್ನು ಬಣ್ಣದಲ್ಲಿ ಲೆಕ್ಕ ಹಾಕುತ್ತಾರೆ. ಚಳಿಗಾಲ ಕೆಂಪು ಊಟದ ಕಾಲ, ಅಂದರೆ ಮಾಂಸ. ಬೇಸಿಗೆ ಬಿಳಿ ಊಟದ ಕಾಲ, ಅಂದರೆ ಹಾಲು ಮತ್ತು ಹಾಲಿನದೇ ಎಲ್ಲ. ಹಸು, ಯಾಕ್ ಅನ್ನುವ ಉದ್ದ ಕೂದಲಿನ ದನ, ಕುರಿ, ಮೇಕೆ, ಕುದುರೆ ಎಲ್ಲವೂ ಹಾಲು ಕೊಡುವ ಕಾಲ ಇದು. ನಿಮಗೆ ಗೊತ್ತಿಲ್ಲದೇ ಸಸ್ಯಾಹಾರಿಗಳಿಗೆ ಅತಿ ಒಳ್ಳೆಯ ತಿಂಗಳನ್ನೇ ಆರಿಸಿಕೊಂಡಿದ್ದೀರಿ.

ಯಾವ ಗೆರ್‌ಗೆ ಕಾಲಿಟ್ಟರೂ ಮೊದಲು ಕೈಗೆ ಬರುವುದು ಸೂತೇ ತ್ಸಾಯ್. ನೀರು, ಹಾಲು, ಸ್ವಲ್ಪ ಚಹಾ ಎಲೆ, ಉಪ್ಪು. ಸಕ್ಕರೆ ಇಲ್ಲ. ಇದನ್ನು ಚಹಾ ಅಂದುಕೊಂಡು ಕುಡಿದರೆ ಬಾಯಿ ಕೆಟ್ಟುಹೋಗುತ್ತದೆ. ತೆಳು ಗಂಜಿ ಅಂದುಕೊಂಡು ಕುಡಿಯಿರಿ, ಎರಡನೇ ಬಟ್ಟಲು ನೀವೇ ಕೇಳುತ್ತೀರಿ. ಒಣ ಗಾಳಿಯಲ್ಲಿ ದಿನವಿಡೀ ಕಳೆದ ಮೇಲೆ ಮೈ ಉಪ್ಪು ಕೇಳುತ್ತದೆ, ಅದು ನಾಲಿಗೆಗಿಂತ ಮೊದಲು ಮೈಗೇ ಗೊತ್ತಾಗುತ್ತದೆ. ಅಮ್ಮನಿಗೆ ಬಿಪಿ ಇದ್ದರೆ ‘ದಾವ್ಸ್‌ಗುಯ್’ ಅನ್ನಿ, ಉಪ್ಪಿಲ್ಲದ್ದು ಅಂತ. ಹಾಲೂ ಬೇಡ ಅಂದರೆ ‘ಖಾರ್ ತ್ಸಾಯ್’ ಕೇಳಿ. ಖಾರದ್ದಲ್ಲ, ಕರಿ ಚಹಾ.

ಬಿಳಿ ಊಟದಲ್ಲಿ ನಮ್ಮವರ ನಾಲಿಗೆಗೆ ತಕ್ಷಣ ಹಿಡಿಸುವುದು ಎರಡು. ಒಂದು ಓರಂ. ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಸೌಟಿನಿಂದ ಎತ್ತಿ ಎತ್ತಿ ಹುಯ್ದು, ರಾತ್ರಿಯಿಡೀ ಬಿಟ್ಟು ತೆಗೆದ ಕೆನೆ. ದೋಸೆಯಷ್ಟು ದಪ್ಪ ಇರುತ್ತದೆ, ಮಡಚಿ ಇಡುತ್ತಾರೆ. ಎರಡನೆಯದು ತರಗ್, ಅಂದರೆ ಮೊಸರು. ಯಾಕ್ ಹಾಲಿನ ತರಗ್ ಚಮಚ ನಿಲ್ಲುವಷ್ಟು ಗಟ್ಟಿ. ನಾನು ಒಯ್ದಿದ್ದ ತೆಳು ಅವಲಕ್ಕಿಗೆ ಈ ತರಗ್ ಹಾಕಿ, ಉಪ್ಪು, ಮೆಂತ್ಯದ ಹಿಟ್ಟು, ಎರಡು ಉಪ್ಪು ಮೆಣಸಿನಕಾಯಿ ಮುರಿದು ಕಲಸಿದೆ. ಮನೆಯ ಹೆಂಗಸು ಒಂದು ಚಮಚ ರುಚಿ ನೋಡಿದರು, ಮೆಣಸಿನಕಾಯಿ ಸಿಕ್ಕಿ ಕಣ್ಣಲ್ಲಿ ನೀರು ಬಂತು, ನಗುತ್ತಾ ಇನ್ನೊಂದು ಚಮಚ ತಗೊಂಡರು.

ಗೆರ್ ಮೇಲ್ಛಾವಣಿ ಮೇಲೆ ಹಲಗೆ ಇಟ್ಟು ಬಿಳಿ ತುಂಡುಗಳನ್ನು ಸಾಲಾಗಿ ಒಣಹಾಕಿರುವುದು ಕಾಣುತ್ತದೆ. ನೋಡಿದರೆ ಮಾಳಿಗೆ ಮೇಲಿನ ಸಂಡಿಗೆ. ಅದು ಆರುಲ್, ಒಣಗಿಸಿದ ಗಿಣ್ಣಿನಂಥ ಮೊಸರುಗಟ್ಟಿ. ಹುಳಿ. ಹಲ್ಲಿಗೆ ಕಲ್ಲು. ಕಡಿಯಬೇಡಿ, ಕೆನ್ನೆಯೊಳಗೆ ಇಟ್ಟುಕೊಂಡು ಚೀಪಬೇಕು. ಅಮ್ಮನಿಗೆ ಕಟ್ಟಿಸಿದ ಹಲ್ಲಿದ್ದರೆ ಕೈಮುಗಿದು ಬಿಡಲಿ.

ಇನ್ನು ಐರಗ್. ಹೆಣ್ಣು ಕುದುರೆಯ ಹಾಲನ್ನು ಚರ್ಮದ ಚೀಲದಲ್ಲಿ ಹಾಕಿ ಸಾವಿರಾರು ಸಲ ಕಡೆದು ಹುಳಿಸಿದ ಪಾನೀಯ. ಬಾಗಿಲ ಪಕ್ಕದಲ್ಲೇ ಚೀಲ ತೂಗುಹಾಕಿರುತ್ತಾರೆ, ಒಳಗೆ ಬಂದುಹೋಗುವವರು ಒಂದಷ್ಟು ಕಡೆದು ಹೋಗುವುದು ವಾಡಿಕೆ. ಈ ವಿದ್ಯೆ 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಹುಳಿ ಮಜ್ಜಿಗೆಗೆ ಸ್ವಲ್ಪ ಸೋಡಾದ ಗುಳುಗುಳು ಸೇರಿದಂತಿರುತ್ತದೆ, ಮದ್ಯದ ಅಂಶ ಶೇ 2ರ ಆಸುಪಾಸು. ಆದರೆ ಗಮನಿಸಿ, ಇದು ಕಾಯಿಸದ ಹಾಲು. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಜ್ವರ ಬರುವ ಅಪಾಯ ಅಲ್ಲಿ ನಿಜಕ್ಕೂ ಇದೆ. ಹೊಟ್ಟೆಯೂ ಒಮ್ಮೆಲೇ ಒಗ್ಗುವುದಿಲ್ಲ. ಮಗನಿಗೆ, ಅಮ್ಮನಿಗೆ ಬೇಡ ಅನ್ನುವುದು ನನ್ನ ಸಲಹೆ. ಹಾಗಂತ ಬಟ್ಟಲನ್ನು ಕೈಯಿಂದ ತಳ್ಳಬೇಡಿ. ಬಲಗೈಯಲ್ಲಿ ತಗೊಂಡು, ಎಡಗೈಯಿಂದ ಬಲ ಮೊಣಕೈ ಹಿಡಿದು, ತುಟಿಗೆ ತಾಗಿಸಿದಂತೆ ಮಾಡಿ ವಾಪಸ್ ಕೊಟ್ಟರೆ ಮರ್ಯಾದೆ ಉಳಿಯಿತು. ಯಾರೂ ಒತ್ತಾಯ ಮಾಡಲ್ಲ.

ಅಡುಗೆ ಊಟದ ವಿಷಯಕ್ಕೆ ಬಂದರೆ, ಗೆರ್ ಶಿಬಿರಗಳಿಗೆ ಮುಂಚೆಯೇ ಏಜೆಂಟ್ ಮೂಲಕ ಬರೆದು ಹೇಳಿಸಿ. ಬರೀ ಸಸ್ಯಾಹಾರಿ ಅಂದರೆ ಸಾಲದು. ಮಾಂಸದ ಸಾರಿನಿಂದ ತುಂಡು ಆರಿಸಿ ತೆಗೆದು ‘ತಗೊಳ್ಳಿ, ಮಾಂಸ ಇಲ್ಲ’ ಅಂತ ಪ್ರೀತಿಯಿಂದ ಕೊಡುತ್ತಾರೆ. ಮಾಂಸ ಬೇಡ, ಮಾಂಸದ ಸಾರು ಬೇಡ, ಕುರಿ ಕೊಬ್ಬು ಬೇಡ, ಕೋಳಿಯೂ ಬೇಡ, ಅಂತ ಬಿಡಿಸಿ ಹೇಳಿ. ಬಾಯಿಗೆ ಒಂದು ವಾಕ್ಯ ಕಲಿಯಿರಿ: ‘ಬಿ ಮಾಖ್ ಇದ್ದೆಗ್‌ಗುಯ್’, ನಾನು ಮಾಂಸ ತಿನ್ನಲ್ಲ. ಸಸ್ಯಾಹಾರಕ್ಕೆ ‘ತ್ಸಾಗಾನ್ ಖೋಲ್’ ಅನ್ನುತ್ತಾರೆ, ಅಕ್ಷರಶಃ ಬಿಳಿ ಊಟ. ಆಲೂಗಡ್ಡೆ, ಎಲೆಕೋಸು, ಕ್ಯಾರೆಟ್, ಈರುಳ್ಳಿ, ಅನ್ನ, ಬ್ರೆಡ್ಡು ಎಲ್ಲ ಶಿಬಿರದಲ್ಲೂ ಸಿಗುತ್ತವೆ. ತ್ಸುಯ್ವನ್ ಅನ್ನುವ ನೂಡಲ್ಸನ್ನು ಬರೀ ತರಕಾರಿ ಹಾಕಿ ಮಾಡಿಕೊಡುತ್ತಾರೆ. ಹಬ್ಬದ ಮೈದಾನದಲ್ಲಿ ಎಲ್ಲರ ಕೈಯಲ್ಲೂ ಕಾಣುವ ಖೂಶೂರ್ ಚಪ್ಪಟೆ ಕರಿದ ಕಡುಬು, ಒಳಗೆ ಮಾಂಸ. ಆಲೂಗಡ್ಡೆಯದೂ ಒಮ್ಮೊಮ್ಮೆ ಇರುತ್ತದೆ, ಆದರೆ ಎಣ್ಣೆ ಅದೇ.

ಒಂದು ಸತ್ಯ ಮಾತ್ರ ಅಮ್ಮನಿಗೆ ಹೊರಡುವ ಮೊದಲೇ ಹೇಳಿಬಿಡಿ. ಅಲೆಮಾರಿ ಕುಟುಂಬದ ಗೆರ್‌ನಲ್ಲಿ ಒಲೆ ಒಂದೇ, ಅದರ ಮೇಲೆ ಕೂರುವ ದೊಡ್ಡ ಬಾಣಲೆಯೂ ಒಂದೇ. ರಾತ್ರಿ ಕುರಿ ಬೇಯಿಸಿದ್ದು, ತೊಳೆದು ಬೆಳಿಗ್ಗೆ ಚಹಾ ಕಾಯಿಸಿದ್ದು ಎರಡೂ ಅದರಲ್ಲೇ. ಪಾತ್ರೆಯ ಮಡಿ ನೋಡುವವರಾದರೆ ಮನೆ ವಾಸ್ತವ್ಯ ಬೇಡ, ಪ್ರವಾಸಿ ಶಿಬಿರವೇ ಸರಿ. ಅಲ್ಲಿ ಅಡುಗೆಮನೆ ದೊಡ್ಡದು, ಬೇರೆ ಪಾತ್ರೆ ಕೇಳಬಹುದು. ಇದನ್ನು ಅಲ್ಲಿ ಹೋದ ಮೇಲೆ ಕಂಡುಹಿಡಿದು ಎರಡು ದಿನ ಉಪವಾಸ ಮಾಡಿದ ಹಿರಿಯರನ್ನು ನೋಡಿದ್ದೇನೆ.

ಕುಕ್ಕರ್ ಯಾಕೆ ಬೇಡ ಅಂದೆ ಅಂದರೆ, ಅದನ್ನು ಇಡುವುದು ಎಲ್ಲಿ? ಶಿಬಿರದಲ್ಲಿ ಕರೆಂಟು ಕೆಲವೇ ಗಂಟೆ, ಹೆಚ್ಚಿನ ಕಡೆ ಸೋಲಾರ್. ಇಂಡಕ್ಷನ್ ಒಲೆ ಹಚ್ಚಿದರೆ ಇಡೀ ಶಿಬಿರ ಕತ್ತಲು. ಗ್ಯಾಸ್ ಡಬ್ಬಿ ವಿಮಾನಕ್ಕೆ ಬಿಡಲ್ಲ. ಅಲ್ಲಿ ಧಾರಾಳವಾಗಿ ಸಿಗುವುದು ಥರ್ಮಾಸ್ ತುಂಬಾ ಬಿಸಿನೀರು. ಆದ್ದರಿಂದ ಬಿಸಿನೀರು ಹಾಕಿದರೆ ಊಟ ಆಗುವಂಥದ್ದನ್ನೇ ಕಟ್ಟಿಕೊಳ್ಳಿ. ಅವಲಕ್ಕಿ, ಹುರಿಹಿಟ್ಟು, ದಿಢೀರ್ ಉಪ್ಪಿಟ್ಟು, ದಿಢೀರ್ ಸಾರು. ಉತ್ತರ ಕರ್ನಾಟಕದ ಜೋಳದ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯ ಹುಲ್ಲುಗಾವಲಿನ ಊಟ ನನಗೆ ಗೊತ್ತಿಲ್ಲ. ಕೆಡಲ್ಲ, ಒಣ ಗಾಳಿಯಲ್ಲಿ ಮೆತ್ತಗಾಗಲ್ಲ, ಓರಂ ಸವರಿದರೆ ಮಗ ಬೇರೆ ಏನೂ ಕೇಳಲ್ಲ. ಎಷ್ಟು ಒಯ್ಯಬೇಕು? ದಿನಕ್ಕೆ ಒಂದು ಹೊತ್ತಿನದು ಸಾಕು. ಮೂರು ಹೊತ್ತಿಗೂ ಕಟ್ಟಿಕೊಂಡು ಬಂದವರು ಅರ್ಧ ಅಲ್ಲೇ ಬಿಟ್ಟು ಹೋಗುತ್ತಾರೆ. ಉಪ್ಪಿನಕಾಯಿ ಚೆಕ್‌ಇನ್ ಲಗೇಜಿನಲ್ಲಿ, ಎರಡು ಕವರ್ ಸುತ್ತಿ.

ಹಣ್ಣು, ಬಿಸ್ಕತ್ತು, ಒಣಹಣ್ಣು, ನೀರಿನ ಕ್ಯಾನು ಎಲ್ಲ ಉಲಾನ್‌ಬಾತರ್ ಸೂಪರ್‌ಮಾರ್ಕೆಟ್‌ನಲ್ಲೇ ತುಂಬಿಸಿಕೊಳ್ಳಿ. ರಷ್ಯಾದ ನಂಟಿನಿಂದ ಬಂದ ಗ್ರೆಚ್ಕಾ, ಅಂದರೆ ಬಕ್ವೀಟ್ ಧಾನ್ಯವೂ ಸಿಗುತ್ತದೆ, ಶಿಬಿರದವರಿಗೆ ಕೊಟ್ಟರೆ ಅನ್ನದ ಹಾಗೆ ಬೇಯಿಸಿಕೊಡುತ್ತಾರೆ. ರಾಜಧಾನಿಯಲ್ಲಿ ಭಾರತೀಯ ಊಟದ ಹೋಟೆಲು, ವೀಗನ್ ಹೋಟೆಲು ಎರಡೂ ಇವೆ, ಆ ಮೂರು ದಿನ ಚಿಂತೆಯೇ ಇಲ್ಲ. ಅಲ್ಲಿಂದ ಖಾರ್ಖೊರಿನ್ 360 ಕಿಲೋಮೀಟರಿಗೂ ಜಾಸ್ತಿ, ದಾರಿಯ ಹೋಟೆಲುಗಳಲ್ಲಿ ಮಾಂಸವೇ ಮುಖ್ಯ. ಆ ದಿನದ ಬುತ್ತಿ ಕೈಯಲ್ಲಿರಲಿ.

ಮಾರ್ಮಟ್ ಅನ್ನುವ ದಪ್ಪ ಅಳಿಲಿನಂಥ ಪ್ರಾಣಿ ಬಿಲದ ಬಾಯಲ್ಲಿ ನಿಂತು ನೋಡುತ್ತಿರುತ್ತದೆ. ಮುದ್ದಾಗಿದೆ ಅಂತ ಮಗ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಪ್ಲೇಗ್ ಹರಡುವ ಪ್ರಾಣಿ ಅದು. ಹಸಿ ಮಾರ್ಮಟ್ ಮಾಂಸ ತಿಂದ ದಂಪತಿ 2019ರಲ್ಲಿ ಪ್ಲೇಗ್‌ನಿಂದ ಸತ್ತಿದ್ದರು. ನೀವಂತೂ ತಿನ್ನಲ್ಲ, ಮುಟ್ಟದಿದ್ದರೆ ಸಾಕು.

ನದಿ ಪಕ್ಕ ಸಂಜೆ ಸೊಳ್ಳೆ ಕಾಟ ಇರುತ್ತದೆ. ಅಲ್ಲಿನವರು ಒಣ ಸಗಣಿ ಹೊಗೆ ಹಾಕುತ್ತಾರೆ. ಅರ್ಗಲ್ ಅನ್ನುತ್ತಾರೆ ಅದಕ್ಕೆ, ನಮ್ಮ ಹಾಗೆ ಬೆರಣಿ ತಟ್ಟುವುದಿಲ್ಲ, ಹುಲ್ಲಿನ ಮೇಲೆ ಒಣಗಿದ್ದನ್ನು ಆರಿಸಿ ತರುತ್ತಾರೆ. ಒಲೆಗೂ ಅದೇ. ಅಮ್ಮನಿಗೆ ಆ ವಾಸನೆ ಊರು ನೆನಪಿಸೀತು. ಒಲೆಯ ಬೆಂಕಿಗೆ ಕಸ, ಕಾಗದ ಹಾಕಬಾರದು ಅನ್ನುವುದು ಮಾತ್ರ ನೆನಪಿರಲಿ, ಅವರಿಗೆ ಬೆಂಕಿ ದೇವರು.

ಇನ್ನೊಂದು. ಉಲಾನ್‌ಬಾತರ್‌ನ ಗಂದನ್ ಮಠಕ್ಕೆ ಹೋದಾಗ ಭಿಕ್ಷುಗಳ ಹತ್ತಿರ ಕರ್ನಾಟಕ ಅನ್ನಿ. ಮುಂಡಗೋಡಿನ ಟಿಬೆಟನ್ ಬೌದ್ಧ ಮಠ ಡ್ರೆಪುಂಗ್ ಗೋಮಾಂಗ್‌ನಲ್ಲಿ ಮಂಗೋಲಿಯಾದ ಭಿಕ್ಷುಗಳು ಓದುವುದು ಹಳೆಯ ರೂಢಿ. ಅಲ್ಲಿ ವರ್ಷಗಟ್ಟಲೆ ಇದ್ದು ಬಂದವರು ಸಿಕ್ಕಿದರೆ ದೋಸೆ, ಇಡ್ಲಿ ಅಂದ ಕೂಡಲೇ ಮುಖ ಅರಳುತ್ತದೆ. ಹಾಗಾಗಿ ಚಟ್ನಿಪುಡಿಯ ಒಂದು ಪೊಟ್ಟಣ ಜಾಸ್ತಿ ಇಟ್ಟುಕೊಳ್ಳಿ. ಗೆರ್‌ನ ಮಕ್ಕಳಿಗೆ ಕೊಡಲು ಶೇಂಗಾ ಚಿಕ್ಕಿಯೂ ಒಂದು ಕಿಲೋ.